ಟ್ರ್ಯಾಕ್ ಡೇಗೆ ಸೆಕೆಂಡ್ ಹ್ಯಾಂಡ್ ಕಾರು: ಮೂರು ನೋಡಿ ಒಂದು ತಂದ ಪ್ರಕರಣ

ಮೂರನೇ ಸುತ್ತಿನಲ್ಲಿ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಮೆತ್ತಗೆ ಒಳಗೆ ಹೋಯಿತು. ಅದು ಟ್ರ್ಯಾಕ್ ಡೇ, ಅಂದರೆ ಶುಲ್ಕ ಕಟ್ಟಿ ನಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಗೆಳೆಯ ಹೇಗೋ ಕಾರು ನಿಲ್ಲಿಸಿದ. ಹೇಗೋ ಅಂದರೆ, ಪೆಡಲನ್ನು ನಾಲ್ಕು ಸಲ ಪಂಪ್ ಮಾಡಿ, ಗೇರ್ ಇಳಿಸಿ, ತಿರುವಿನ ಹೊರಗಿದ್ದ ಜಲ್ಲಿಗೆ ಎರಡು ಚಕ್ರ ಇಳಿಸಿ. ಯಾರಿಗೂ ಏನೂ ಆಗಲಿಲ್ಲ. ಆದರೆ ಅದು ಮನೆಯ ಕಾರು. ಸೋಮವಾರ ಬೆಳಿಗ್ಗೆ ಅದೇ ಕಾರಿನಲ್ಲಿ ಮಗಳನ್ನು ಶಾಲೆಗೆ ಬಿಡಬೇಕಿತ್ತು.

ಸಂಜೆ ಫೋನ್ ಮಾಡಿದ. 'ಇನ್ನು ಈ ಕಾರು ಟ್ರ್ಯಾಕ್‌ಗೆ ತರಲ್ಲ ಕಣೋ. ಇದಕ್ಕೇ ಅಂತ ಒಂದು ಹಳೇ ಕಾರು ತಗೋತೀನಿ. ನೀನು ಜೊತೆಗೆ ಬಾ' ಅಂದ. ನಾನು ಮೆಕ್ಯಾನಿಕ್ ಅಲ್ಲ. ಹತ್ತು ಹನ್ನೆರಡು ವರ್ಷದಿಂದ ಹಳೇ ಕಾರು ಕೊಂಡು, ಓಡಿಸಿ, ಮುರಿದು, ರಿಪೇರಿ ಮಾಡಿ ಕೈ ಸುಟ್ಟುಕೊಂಡ ಅನುಭವ ಇದೆ, ಅಷ್ಟೇ. ಆ ಫೋನಿನಿಂದ ಶುರುವಾಗಿ ಒಂದು ವರ್ಷದ ಲೆಕ್ಕ ಇಲ್ಲಿದೆ. ನಾನು ಕೊಟ್ಟ ಒಂದು ತಪ್ಪು ಸಲಹೆಯೂ ಇದೆ.

ಮೊದಲು ಆ ಪೆಡಲ್ ಯಾಕೆ ಮೆತ್ತಗಾಯಿತು ಅಂತ ನೋಡೋಣ. ಕಾರು ಆರಿಸುವಾಗ ನಾವು ಮಾಡಿದ ಎಲ್ಲ ಲೆಕ್ಕವೂ ಅಲ್ಲಿಂದಲೇ ಹುಟ್ಟಿದ್ದು.

ಬ್ರೇಕ್ ಅಂದರೆ ಓಟವನ್ನು ಬಿಸಿಯಾಗಿ ಬದಲಿಸುವ ಯಂತ್ರ. 1,500 ಕಿಲೋ ತೂಕದ ಕಾರು ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿದರೆ ಸುಮಾರು 1,100 ಕಿಲೋಜೂಲ್ ಶಕ್ತಿ ಬಿಸಿಯಾಗಿ ಹೊರಗೆ ಬರುತ್ತದೆ. ಮೂರು ಲೀಟರಿಗಿಂತ ಜಾಸ್ತಿ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಬಿಸಿ ಅದು. ಇಷ್ಟೂ ಕೆಲವೇ ಸೆಕೆಂಡಿನಲ್ಲಿ, ಒಂದೇ ತಿರುವಿಗೆ. ರಸ್ತೆಯಲ್ಲಿ ಹೀಗೆ ಜೋರಾಗಿ ಬ್ರೇಕ್ ಒತ್ತುವುದು ವಾರಕ್ಕೊಮ್ಮೆಯೂ ಇಲ್ಲ. ಟ್ರ್ಯಾಕಿನಲ್ಲಿ ಒಂದು ಸುತ್ತಿಗೇ ನಾಲ್ಕೈದು ಸಲ. ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್ ಆರಲು ಸಮಯ ಎಲ್ಲಿ?

ಬಿಸಿ ಡಿಸ್ಕಿನಿಂದ ಅದನ್ನು ಉಜ್ಜಿ ಹಿಡಿಯುವ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಒತ್ತುವ ಕ್ಯಾಲಿಪರಿಗೆ, ಅಲ್ಲಿಂದ ಬ್ರೇಕ್ ಆಯಿಲಿಗೆ ಹೋಗುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ ಇದೆ. ಆದರೆ ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ನೀರು ಸೇರಿದ ಡಾಟ್ 4ಕ್ಕೆ ಇರುವ ಮಿತಿ ಬರೀ 155 ಡಿಗ್ರಿ. ಗೆಳೆಯನ ಕಾರಿನ ಬ್ರೇಕ್ ಆಯಿಲ್ ನಾಲ್ಕು ವರ್ಷ ಹಳೆಯದು. ಅದು ಕುದಿಯಿತು, ಗುಳ್ಳೆ ಎದ್ದಿತು. ಆಯಿಲನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗುಳ್ಳೆಯನ್ನು ಒತ್ತಬಹುದು. ಪೆಡಲ್ ಮೆತ್ತಗಾದದ್ದು ಅದಕ್ಕೇ.

ಅದೇ ಲೆಕ್ಕವನ್ನು 1,000 ಕಿಲೋ ಕಾರಿಗೆ ಹಾಕಿ. ಸುಮಾರು 740 ಕಿಲೋಜೂಲ್. ಮೂರನೇ ಒಂದು ಭಾಗ ಬಿಸಿ ಸುಮ್ನೆ ಮಾಯ. ಒಂದು ಪೈಸೆ ಖರ್ಚಿಲ್ಲ. ಟೈರ್, ಪ್ಯಾಡ್, ಡಿಸ್ಕ್, ಪೆಟ್ರೋಲ್, ಎಲ್ಲಕ್ಕೂ ಇದೇ ಲೆಕ್ಕ. ಗೆಳೆಯ ಹಾರ್ಸ್‌ಪವರ್ ಪಟ್ಟಿ ಹಿಡಿದುಕೊಂಡು ಬಂದಿದ್ದ. ನಾನು ತೂಕದ ಪಟ್ಟಿ ಕೇಳಿದೆ.

ಹತ್ತು ಪಾಲಿನ ಲೆಕ್ಕ

ಅವನ ಕೈಯಲ್ಲಿದ್ದ ಹಣವನ್ನು ಹತ್ತು ಪಾಲು ಅಂದುಕೊಳ್ಳಿ. ಅವನ ಯೋಜನೆ: ಒಂಬತ್ತು ಪಾಲು ಕಾರಿಗೆ, ಒಂದು ಪಾಲು 'ಏನಾದ್ರೂ ಸಣ್ಣಪುಟ್ಟದ್ದಕ್ಕೆ'. ಆನೆ ಕೊಂಡು ಅಂಕುಶಕ್ಕೆ ಕಾಸಿಲ್ಲ ಅನ್ನುವುದು ಇದಕ್ಕೇ. ಜಗಳ ಆಡಿ ಹೀಗೆ ಬದಲಿಸಿದೆವು. ಕಾರಿಗೆ ಐದು ಪಾಲು. ಟ್ರ್ಯಾಕಿಗೆ ಇಳಿಸುವ ಮೊದಲು ಬದಲಿಸಬೇಕಾದ್ದಕ್ಕೆ ಎರಡು. ಮೊದಲ ವರ್ಷದ ಟೈರ್, ಪ್ಯಾಡ್, ಆಯಿಲ್, ಪ್ರವೇಶ ಶುಲ್ಕಕ್ಕೆ ಎರಡು. ಕೊನೆಯ ಒಂದು ಪಾಲನ್ನು ಮುಟ್ಟುವ ಹಾಗಿಲ್ಲ.

ಇನ್ನೊಂದು ಮಾತೂ ಆಯಿತು, ಅದು ಸ್ವಲ್ಪ ಕಹಿ. ರಸ್ತೆಗೆ ಮಾಡಿಸಿದ ವಿಮೆ ಸಾಮಾನ್ಯವಾಗಿ ಟ್ರ್ಯಾಕಿನಲ್ಲಾದ ನಷ್ಟಕ್ಕೆ ಬರುವುದಿಲ್ಲ. ಪಾಲಿಸಿಯ ಸಣ್ಣ ಅಕ್ಷರ ಓದಿ, ಹೆಚ್ಚಿನವುಗಳಲ್ಲಿ ನೇರವಾಗಿಯೇ ಬರೆದಿರುತ್ತಾರೆ. ಗೋಡೆಗೆ ಹೊಡೆದರೆ ಆ ಐದು ಪಾಲು ಹೋದ ಹಾಗೆ. 'ಆ ದಿನ ಕಾರು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದರೆ ರಾತ್ರಿ ನಿದ್ದೆ ಬರುತ್ತಾ?' ಅಂತ ಕೇಳಿದೆ. ಒಂಬತ್ತು ಪಾಲಿನ ಕಾರಿಗೆ ಬರಲ್ಲ ಅಂದ. ಐದಕ್ಕೆ ಬಂದೀತು ಅಂದ.

ಅವನ ಉಳಿದ ಷರತ್ತುಗಳು ಸರಳ. ಕಾರು ತನ್ನದೇ ಚಕ್ರದ ಮೇಲೆ ಟ್ರ್ಯಾಕಿಗೆ ಹೋಗಬೇಕು, ಸಂಜೆ ವಾಪಸ್ ಬರಬೇಕು, ಯಾಕೆಂದರೆ ಎಳೆಯಲು ಟ್ರೇಲರ್ ಇಲ್ಲ. ಮ್ಯಾನ್ಯುಯಲ್ ಗೇರ್ ಇರಬೇಕು. ಅವನ ಎತ್ತರ 185 ಸೆಂ.ಮೀ., ಹೆಲ್ಮೆಟ್ ಹಾಕಿ ಕೂರುವಷ್ಟು ಜಾಗ ಬೇಕು. ಈ ಕೊನೆಯದನ್ನು ನಾವಿಬ್ಬರೂ ಹಗುರವಾಗಿ ತೆಗೆದುಕೊಂಡೆವು. ಅದರ ಕಥೆ ಆಮೇಲೆ.

ಪಟ್ಟಿಯಲ್ಲಿ ಇದ್ದವು, ಹೋದವು

ಈ ಹುಡುಕಾಟಕ್ಕೆ ಇಳಿದವರೆಲ್ಲರ ಪಟ್ಟಿಯಲ್ಲೂ ಬರುವ ಹೆಸರುಗಳೇ ನಮ್ಮಲ್ಲೂ ಬಂದವು. ಎರಡೇ ಸೀಟಿನ, ಬಟ್ಟೆಯ ಮಾಡು (ಚಾವಣಿ) ಮಡಚಿ ತೆರೆಯುವ ಮಾಜ್ಡಾ ಎಂಎಕ್ಸ್-5. ಬಿಎಂಡಬ್ಲ್ಯೂ 3 ಸರಣಿಯ ಎರಡು ಹಳೇ ತಲೆಮಾರು, ಇ36, ಇ46. ಹೋಂಡಾ ಸಿವಿಕ್. ಸುಜುಕಿ ಸ್ವಿಫ್ಟ್ ಸ್ಪೋರ್ಟ್. ರೆನೋ ಕ್ಲಿಯೊ ಸ್ಪೋರ್ಟ್. ಟೊಯೋಟಾ 86. ಮಾಜ್ಡಾ ಆರ್‌ಎಕ್ಸ್-8. ಗೆಳೆಯನ ಕನಸಿಗೆ ಅಂತ ಒಂದು ಪೋರ್ಷೆ ಬಾಕ್ಸ್‌ಟರ್.

ಬಾಕ್ಸ್‌ಟರ್ ಮೊದಲು ಹೋಯಿತು. 1996ರಲ್ಲಿ ಬಂದ ಮೊದಲ ತಲೆಮಾರಿನದು ಈಗ ಅಗ್ಗಕ್ಕೆ ಸಿಗುತ್ತದೆ, ಓಡಿಸಲು ಅದ್ಭುತ. ಆದರೆ ಕಾರು ಹಳೆಯದಾಯಿತು ಅಂತ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಜೊತೆಗೆ ಎಂಜಿನ್ನೊಳಗಿನ ಮಧ್ಯದ ಶಾಫ್ಟಿನ ಬೇರಿಂಗ್ ಬಗ್ಗೆ ಎಲ್ಲರಿಗೂ ಗೊತ್ತಿರುವ ಭಯ ಇದೆ. ಅದು ಹೋದರೆ ಎಂಜಿನ್ನೇ ಹೋಗಬಹುದು. ಮೂಗಿಗಿಂತ ಮೂಗುತಿ ಭಾರ.

ಆರ್‌ಎಕ್ಸ್-8 ಇನ್ನೂ ಅಗ್ಗ, ತಿರುವಿನಲ್ಲಿ ಬೆಣ್ಣೆ. ಆದರೆ ಅದರ ರೋಟರಿ ಎಂಜಿನ್ನಿನ ಕಂಪ್ರೆಷನ್ (ಒಳಗೆ ಗಾಳಿಯನ್ನು ಅದುಮುವ ಒತ್ತಡ) ಅಳೆಯಲು ಬೇರೆಯೇ ಉಪಕರಣ ಬೇಕು, ಅದನ್ನು ಬಲ್ಲವರೂ ಬೇಕು. ಮೊದಲ ಟ್ರ್ಯಾಕ್ ಕಾರಿಗೆ ಬೇಡ ಅಂದೆ.

ಟೊಯೋಟಾ 86 ಬಗ್ಗೆ ನನಗೆ ಆಸೆ ಇತ್ತು. 2012ರಲ್ಲಿ ಬಂತು. 2 ಲೀಟರ್, 200 ಹಾರ್ಸ್‌ಪವರ್, ಹಿಂದಿನ ಚಕ್ರಕ್ಕೆ ಶಕ್ತಿ. ಪ್ರಿಯಸ್ ಕಾರಿನಲ್ಲೂ ಕಾಣುವ ಮಿಶೆಲಿನ್ ಪ್ರೈಮಸಿ ಟೈರನ್ನೇ ಇದಕ್ಕೂ ಹಾಕಿದ್ದರು. ಅಂಟಿಕೊಳ್ಳುವ ಟೈರ್ ಬೇಡ, ಕಡಿಮೆ ವೇಗದಲ್ಲೇ ಕಾರು ಜಾರಲಿ, ಓಡಿಸುವವನಿಗೆ ಮಜಾ ಬರಲಿ ಅನ್ನುವ ಯೋಚನೆ. ಕಂಪನಿಯೊಂದು ಹೀಗೂ ಯೋಚಿಸಿತಲ್ಲ ಅಂತ ನನಗೆ ಇವತ್ತಿಗೂ ಖುಷಿ. ಆದರೆ ಐದು ಪಾಲಿಗೆ ಸಿಗಲಿಲ್ಲ.

ಇ46 ಬಗ್ಗೆ ಗೆಳೆಯ ಸುಲಭಕ್ಕೆ ಬಿಡಲಿಲ್ಲ. ಆರು ಸಿಲಿಂಡರಿನ ಆ ಸದ್ದು ಕೇಳಿದವರಿಗೆ ಅದು ಅರ್ಥ ಆಗುತ್ತದೆ. ಒಳ್ಳೆ ಕಾರೇ. ತೂಕ ಮಾತ್ರ 1,400 ಕಿಲೋ ಆಸುಪಾಸು. ಹಿಂದಿನ ಸಬ್‌ಫ್ರೇಮ್ (ಹಿಂದಿನ ಚಕ್ರಗಳನ್ನು ಹಿಡಿದಿಡುವ ಚೌಕಟ್ಟು) ಕೂರುವ ಜಾಗದಲ್ಲಿ ನೆಲದ ತಗಡು ಬಿರುಕು ಬಿಡುವುದು, ಕೂಲಿಂಗ್ ವ್ಯವಸ್ಥೆಯ ಪ್ಲಾಸ್ಟಿಕ್ ಭಾಗಗಳು ವಯಸ್ಸಾದಂತೆ ಒಡೆಯುವುದು, ಇವೆರಡನ್ನೂ ನೋಡಿಯೇ ಕೊಳ್ಳಬೇಕು.

ಮುಂದಿನ ಚಕ್ರಕ್ಕೆ ಶಕ್ತಿ ಇರುವ ಸಣ್ಣ ಹ್ಯಾಚ್‌ಬ್ಯಾಕ್‌ಗಳನ್ನು ಕೀಳಾಗಿ ನೋಡುವವರು ಇದ್ದಾರೆ. ನಾನು ಆ ಗುಂಪಲ್ಲ. 1.6 ಲೀಟರಿನ ಹಳೇ ಸ್ವಿಫ್ಟ್ ಸ್ಪೋರ್ಟ್ 125 ಹಾರ್ಸ್‌ಪವರಿನದು, ತೂಕ ಸಾವಿರದ ಚಿಲ್ಲರೆ ಕಿಲೋ. ಮೇಲೆ ಗಟ್ಟಿ ಮಾಡು ಇದೆ, ಜಾಗ ಇದೆ, ಬಿಡಿಭಾಗ ಅಗ್ಗ. ಒಂದೇ ತೊಂದರೆ, ತಿರುಗಿಸುವುದು, ಎಳೆಯುವುದು, ಹೆಚ್ಚಿನ ಬ್ರೇಕು, ಎಲ್ಲವೂ ಮುಂದಿನ ಎರಡು ಟೈರಿನ ತಲೆ ಮೇಲೆ. ಅವು ಬೇಗ ಸವೆಯುತ್ತವೆ.

ಎಂಎಕ್ಸ್-5 ಹೆಸರು ಹೇಳಿದಾಗ ಗೆಳೆಯ ಮುಖ ಸಿಂಡರಿಸಿದ. 'ಅದು ತುಂಬಾ ಚಿಕ್ಕದು ಮಾರಾಯ, ಆಟದ ಕಾರಿನ ಥರ.' 1989ರ ಫೆಬ್ರವರಿಯಲ್ಲಿ ಶಿಕಾಗೋ ಮೋಟಾರ್ ಪ್ರದರ್ಶನದಲ್ಲಿ ಮೊದಲು ಕಂಡ ಕಾರು ಅದು. ಆಗ 1.6 ಲೀಟರ್, 115 ಹಾರ್ಸ್‌ಪವರ್ ಅಷ್ಟೇ. 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿತ್ತು. ನಮಗೆ ಮುಖ್ಯವಾದದ್ದು ಆ ಸಂಖ್ಯೆಯೇ. ಅಷ್ಟು ಕಾರು ಇದ್ದಾಗ ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ಎಲ್ಲಿ ಕೆಡುತ್ತದೆ, ಹೇಗೆ ಸರಿಮಾಡಬೇಕು ಅನ್ನುವುದು ಜಗತ್ತಿಗೆಲ್ಲ ಗೊತ್ತಿರುತ್ತದೆ.

ಪಟ್ಟಿ ಮೂರಕ್ಕೆ ಇಳಿಯಿತು: ಒಂದು ಆರು ಸಿಲಿಂಡರ್ ಸೆಡಾನ್, ಒಂದು ಸಣ್ಣ ಹ್ಯಾಚ್‌ಬ್ಯಾಕ್, ಒಂದು 1.8 ಲೀಟರ್ ಎರಡನೇ ತಲೆಮಾರಿನ ಎಂಎಕ್ಸ್-5. ಮೊದಲ ಎರಡರ ಹೆಸರು ಹೇಳುವುದಿಲ್ಲ. ತಪ್ಪು ಆ ಮಾಡೆಲ್‌ಗಳದ್ದಲ್ಲ, ಹಿಂದಿನ ಮಾಲೀಕರು ಇಟ್ಟುಕೊಂಡ ರೀತಿಯದ್ದು.

ಬಿಸಿ ಬಾನೆಟ್

ಸೆಡಾನ್ ನೋಡಲು ಬೆಳಿಗ್ಗೆ ಎಂಟಕ್ಕೆ ಹೋದೆವು. ಹಿಂದಿನ ರಾತ್ರಿಯೇ ಮಾಲೀಕರಿಗೆ ಹೇಳಿದ್ದೆ, 'ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ' ಅಂತ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟೆ. ಬಿಸಿ. ತಂಪು ಬೆಳಿಗ್ಗೆ, ನೆರಳಲ್ಲಿ ನಿಂತ ಕಾರು, ಬಾನೆಟ್ ಮಾತ್ರ ದೋಸೆ ಹೆಂಚು.

'ಸ್ವಲ್ಪ ಪಕ್ಕಕ್ಕೆ ನಿಲ್ಲಿಸೋಣ ಅಂತ ತೆಗೆದೆ ಸಾರ್' ಅಂದರು. ಇರಬಹುದು. ಆದರೆ ಪಕ್ಕಕ್ಕೆ ನಿಲ್ಲಿಸಿದರೆ ಎಂಜಿನ್ ಅಷ್ಟು ಬಿಸಿ ಆಗುವುದಿಲ್ಲ. ತಣ್ಣಗಿರುವ ಎಂಜಿನ್ ಹೇಳುವ ಎಷ್ಟೋ ವಿಷಯವನ್ನು ಬಿಸಿ ಎಂಜಿನ್ ಮುಚ್ಚಿಡುತ್ತದೆ. ಸ್ಟಾರ್ಟ್ ಮಾಡಿದ ಮೊದಲ ಎರಡು ಸೆಕೆಂಡಿನ ಟಕಟಕ ಸದ್ದು, ನೀಲಿ ಹೊಗೆ, ಬಿಳಿ ಹೊಗೆ, ಏರುಪೇರು ಓಟ, ಇವೆಲ್ಲ ತಣ್ಣಗಿದ್ದಾಗಲೇ ಕಾಣುವುದು. ಇನ್ನೊಂದು ದಿನ ಬರುತ್ತೇವೆ ಅಂದೆ.

ಹೊರಡುವ ಮುಂಚೆ ಸುಮ್ನೆ ಒಂದು ಸುತ್ತು ಹಾಕಿದೆ. ಎಂಜಿನ್ ತಣ್ಣಗಿಡುವ ದ್ರವದ, ಅಂದರೆ ಕೂಲೆಂಟ್ ಬಾಟಲಿಯ ಸುತ್ತ ಒಣಗಿದ ಬಿಳಿ ಕಲೆ. ಅಂದರೆ ಯಾವಾಗಲೋ ಉಕ್ಕಿ ಹರಿದಿದೆ. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸಿದ್ದರು. ಸೈಲೆನ್ಸರ್ ಬದಲಿಸಿ ಕಿವಿ ಒಡೆಯುವ ಹಾಗೆ ಮಾಡಿದ್ದರು. ಇದು ಬರೀ ರುಚಿಯ ಮಾತಲ್ಲ. ಎಷ್ಟೋ ಟ್ರ್ಯಾಕ್‌ಗಳಲ್ಲಿ ಸದ್ದಿಗೆ ಡೆಸಿಬೆಲ್ ಮಿತಿ ಇದೆ, ಮೀಟರ್ ಹಿಡಿದು ಅಳೆಯುತ್ತಾರೆ, ಮೀರಿದರೆ ಶುಲ್ಕವೂ ಹೋಯಿತು ದಿನವೂ ಹೋಯಿತು. ಬೇರೆಯವರು ಅರ್ಧಕ್ಕೆ ಬಿಟ್ಟ ಮಾರ್ಪಾಡು ಕೊಂಡರೆ ಮೊದಲ ಖರ್ಚು ಅದನ್ನು ಬಿಚ್ಚುವುದಕ್ಕೇ. ನಾವು ಮತ್ತೆ ಹೋಗಲಿಲ್ಲ.

ನಾಲ್ಕನೇ ಸಿಲಿಂಡರ್

ಹ್ಯಾಚ್‌ಬ್ಯಾಕ್ ನೋಡಿ ಇಬ್ಬರಿಗೂ ಬಾಯಲ್ಲಿ ನೀರು. ಬಣ್ಣ ಹೊಳೆಯುತ್ತಿತ್ತು. ಒಳಗೆ ಒಂದು ಕಲೆ ಇಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಓಡಿಸಿದೆ, ಮುಂದಿನ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಸಿವಿ ಜಾಯಿಂಟ್ ಟಿಕ್ ಟಿಕ್ ಅನ್ನಲಿಲ್ಲ. ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ತುಳಿದೆ. ಕ್ಲಚ್ ಜಾರಿದರೆ ವೇಗ ಏರದೆ ಆರ್‌ಪಿಎಂ ಮಾತ್ರ ಏರುತ್ತದೆ. ಹಾಗೇನೂ ಆಗಲಿಲ್ಲ. ಮೂರರಿಂದ ಎರಡಕ್ಕೆ ಬೇಗ ಗೇರ್ ಇಳಿಸಿದೆ, ಹಲ್ಲು ಕಡಿಯುವ ಸದ್ದಿಲ್ಲ. ಗೆಳೆಯ ಆಗಲೇ ಬೆಲೆ ಮಾತಾಡಲು ಶುರು ಮಾಡಿದ್ದ.

ನನ್ನ ಚೀಲದಲ್ಲಿ ಕಂಪ್ರೆಷನ್ ಗೇಜ್ ಇತ್ತು. ಮಾಲೀಕರು ಒಪ್ಪಿದರು, ಅವರಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಎಂಜಿನ್ ಬಿಸಿ ಮಾಡಿ, ಪೆಟ್ರೋಲ್ ಮತ್ತು ಇಗ್ನಿಷನ್ ಫ್ಯೂಸ್ ತೆಗೆದು, ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿದೆವು. ಗೇಜನ್ನು ಪ್ಲಗ್ಗಿನ ತೂತಿಗೆ ತಿರುಗಿಸಿ ಹಾಕಿ, ಗೆಳೆಯ ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿದ. ಮೊದಲ ಸಿಲಿಂಡರಿನ ಒತ್ತಡ 12.2 ಬಾರ್. ಎರಡನೆಯದು 12.0. ಮೂರನೆಯದು 12.1. ನಾಲ್ಕನೆಯದು 9.4.

ಮತ್ತೆ ಅಳೆದೆವು. ಮತ್ತೆ 9.4.

ಸಿಲಿಂಡರುಗಳ ನಡುವೆ ಹತ್ತು ಶೇಕಡಾದೊಳಗಿನ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ. ಇಲ್ಲಿ ಇಪ್ಪತ್ತು ಶೇಕಡಾ ದಾಟಿತ್ತು. ಆ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮೂರನೇ ಸಲ ಅಳೆದೆ. ಮುಳ್ಳು 11.3ಕ್ಕೆ ಏರಿತು. ಆಯಿಲ್ ಸ್ವಲ್ಪ ಹೊತ್ತು ಪಿಸ್ಟನ್ ರಿಂಗಿನ ಸಂದಿ ಮುಚ್ಚಿದ್ದರಿಂದ ಏರಿದ್ದು ಅದು. ಏರದೇ ಇದ್ದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕಿತ್ತು. ಇಲ್ಲಿ ರಿಂಗ್ ಸವೆದಿದೆ, ಇಲ್ಲವೇ ಸಿಲಿಂಡರ್ ಗೋಡೆ ಗೀಚಿದೆ. ಎರಡಕ್ಕೂ ಎಂಜಿನ್ ಬಿಚ್ಚಲೇಬೇಕು. ಮೇಲೆ ಥಳಕು, ಒಳಗೆ ಹುಳುಕು.

ರಸ್ತೆಯಲ್ಲಿ ಆ ಕಾರು ಇನ್ನೂ ಎಷ್ಟೋ ವರ್ಷ ಓಡುತ್ತಿತ್ತು, ಅದೂ ನಿಜ. ಪೇಟೆಗೆ ಹೋಗಿ ಬರುವವರಿಗೆ ಕೊಡಿ ಅಂತ ಮಾಲೀಕರಿಗೆ ಹೇಳಿ ಬಂದೆವು. ದಾರಿಯುದ್ದಕ್ಕೂ ಗೆಳೆಯ ಮಾತಾಡಲಿಲ್ಲ.

ನೋಟ್ ಪುಸ್ತಕ ಇದ್ದ ಕಾರು

ಎಂಎಕ್ಸ್-5 ನೋಡಲು ಚೆನ್ನಾಗಿರಲಿಲ್ಲ. ಬಣ್ಣ ಮಾಸಿತ್ತು. ಎಡ ಬಾಗಿಲಲ್ಲಿ ಅಂಗೈಯಷ್ಟು ತಗ್ಗು. ಬಟ್ಟೆಯ ಮಾಡಿಗೆ ಎರಡು ಕಡೆ ಹೊಲಿಗೆ. ಆದರೆ ಮಾಲೀಕರು, ವಯಸ್ಸಾದವರು, ಗ್ಲವ್ ಬಾಕ್ಸಿನಿಂದ ಒಂದು ನೋಟ್ ಪುಸ್ತಕ ತೆಗೆದರು. ಹನ್ನೊಂದು ವರ್ಷದ ಲೆಕ್ಕ ಅದರಲ್ಲಿತ್ತು. ಆಯಿಲ್ ಬದಲಿಸಿದ ದಿನ, ಎಷ್ಟು ಕಿ.ಮೀ., ಯಾವ ಗ್ರೇಡ್. ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪ್ ಒಟ್ಟಿಗೆ ಬದಲಿಸಿದ ಬಿಲ್ ಅದಕ್ಕೇ ಪಿನ್ ಮಾಡಿತ್ತು. ಬಾನೆಟ್ ಮುಟ್ಟಿದೆ, ಕಲ್ಲಿನಷ್ಟು ತಣ್ಣಗೆ.

ಈ ಕಾರಿನಲ್ಲಿ ಹೆದರಬೇಕಾದ್ದು ತುಕ್ಕಿಗೆ. ಮಾಡಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಕೊಳವೆಯಲ್ಲಿ ಕೆಳಗಿಳಿಯುತ್ತದೆ. ಎಲೆ, ಕಸ ಸೇರಿ ಅವು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪಟ್ಟಿಯೊಳಗೆ ನಿಂತು ಒಳಗಿಂದ ಹೊರಕ್ಕೆ ತಿನ್ನುತ್ತದೆ. ಮೇಲೆ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ. ಅಂಗಾತ ಮಲಗಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಸ್ಕ್ರೂಡ್ರೈವರಿನ ಹಿಡಿಯಿಂದ ಹಿಂದಿನ ಚಕ್ರದ ಮುಂದಿನ ಭಾಗ ತಟ್ಟುತ್ತಾ ಹೋದೆ. ಗಟ್ಟಿ ತಗಡು ಠಣ್ ಅನ್ನುತ್ತದೆ. ಪುಟ್ಟಿ ತುಂಬಿದ್ದರೆ ದಬ್ ಅನ್ನುತ್ತದೆ. ಎರಡೂ ಕಡೆ ಠಣ್. ಗಿಡಕ್ಕೆ ಹಾಕುವ ಒಂದು ಚೊಂಬು ನೀರನ್ನು ಕೊಳವೆಗೆ ಸುರಿದೆ. ಕೆಳಗೆ ಸರಾಗವಾಗಿ ಹರಿದುಬಂತು. 'ತಿಂಗಳಿಗೊಮ್ಮೆ ನಾನೇ ತಂತಿ ಹಾಕಿ ತೆಗೀತೀನಪ್ಪ' ಅಂದರು ಅವರು. ಅಲ್ಲಿಗೆ ನನ್ನ ಮನಸ್ಸು ತೀರ್ಮಾನ ಮಾಡಿತ್ತು. ಕಂಪ್ರೆಷನ್ನೂ ನೋಡಿದೆವು, ನಾಲ್ಕೂ ಒಂದಕ್ಕೊಂದು ಹತ್ತಿರ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಲೆಕ್ಕ ಹಾಕಿದರೆ ಟೈರಿಗೆ ಒಂಬತ್ತು ವರ್ಷ. ಮೇಲಿನ ಗೀರುಗಳು ಇನ್ನೂ ಆಳ ಇದ್ದವು, ರಬ್ಬರ್ ಮಾತ್ರ ಹಲಗೆ. ಇದನ್ನು ತೋರಿಸಿ ಬೆಲೆ ಸ್ವಲ್ಪ ಇಳಿಸಿಕೊಂಡೆವು. ಕೊನೆಗೆ ಐದೂವರೆ ಪಾಲಿಗೆ ಕಾರು ನಮ್ಮದಾಯಿತು. ಹೌದು, ಅರ್ಧ ಪಾಲು ಜಾಸ್ತಿ. ಆ ನೋಟ್ ಪುಸ್ತಕಕ್ಕೆ ಕೊಟ್ಟೆವು ಅಂದುಕೊಂಡೆ.

ಟ್ರ್ಯಾಕಿಗೆ ಮುಂಚೆ

ಎಂಜಿನ್ ಮುಟ್ಟಲಿಲ್ಲ. ಹೊಸ ಟೈರ್, ಮಾಮೂಲಿ ಸ್ಪೋರ್ಟ್ ಟೈರೇ. ರೇಸಿಂಗ್ ಟೈರ್ ಅಷ್ಟು ಬಿಗಿಯಾಗಿ ಹಿಡಿಯುತ್ತದೆ, ಕಲಿಯುವವನ ತಪ್ಪು ಅವನಿಗೇ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ವೇಗ ಜಾಸ್ತಿ ಆಗಿರುತ್ತದೆ. 300 ಡಿಗ್ರಿ ದಾಟಿದರೂ ಕುದಿಯದ ಬ್ರೇಕ್ ಆಯಿಲ್. ಹೊಸ ಕೂಲೆಂಟ್, ಹೋಸ್, ಥರ್ಮೋಸ್ಟಾಟ್. ಎಂಜಿನ್ ಮತ್ತು ಗೇರ್ ಆಯಿಲ್. ಗಟ್ಟಿ ಮಾಡು ಇಲ್ಲದ ಕಾರು ಪಲ್ಟಿ ಹೊಡೆದರೆ ತಲೆಯೇ ಮೊದಲು ನೆಲಕ್ಕೆ. ಅದಕ್ಕೆ ರೋಲ್ ಬಾರ್, ಅಂದರೆ ಸೀಟಿನ ಹಿಂದೆ ನಿಲ್ಲುವ ಉಕ್ಕಿನ ಕಮಾನು. ಎಷ್ಟೋ ಕಡೆ ಅದಿಲ್ಲದೆ ತೆರೆದ ಕಾರನ್ನು ಒಳಗೇ ಬಿಡುವುದಿಲ್ಲ.

ರೋಲ್ ಬಾರ್ ಹಾಕಿದ ಮೇಲೆ ನಮ್ಮ ಪೆದ್ದುತನ ಗೊತ್ತಾಯಿತು. ಬಾರಿನ ಮೇಲಿಂದ ಮುಂದಿನ ಗಾಜಿನ ಚೌಕಟ್ಟಿಗೆ ಒಂದು ಉದ್ದ ಕೋಲು ಇಟ್ಟು ನೋಡುತ್ತಾರೆ. ಹೆಲ್ಮೆಟ್ ಹಾಕಿ ಕೂತವರ ತಲೆ ಆ ಕೋಲಿನ ಕೆಳಗೇ ಇರಬೇಕು. ಗೆಳೆಯನ ತಲೆ ಎರಡು ಬೆರಳಷ್ಟು ಮೇಲೆ! ಕೊಳ್ಳುವ ಮುಂಚೆ ಹೆಲ್ಮೆಟ್ ಹಾಕಿ ಕೂರಿಸಿ ನೋಡಿದ್ದರೆ ಐದು ನಿಮಿಷದ ಕೆಲಸ. ಸೀಟು ಬಿಚ್ಚಿ, ಕವರ್ ತೆಗೆದು, ಬ್ರೆಡ್ ಕೊಯ್ಯುವ ಚಾಕುವಿನಿಂದ ಒಳಗಿನ ಫೋಮ್ ಕೆತ್ತಿದೆವು. ಆಮೇಲೆ ಕೋಲು ತಲೆಗೆ ತಾಗಲಿಲ್ಲ. ಎತ್ತರದವರು ಈ ಕಾರು ಕೊಂಡರೆ ಮಾಡುವ ಹಳೇ ಉಪಾಯ ಇದು. ಆದರೆ ಎಲ್ಲರಿಗೂ ಅಷ್ಟಕ್ಕೇ ಮುಗಿಯುವುದಿಲ್ಲ.

ಇನ್ನು ನನ್ನ ತಪ್ಪು ಸಲಹೆ. ಬ್ರೇಕ್ ಕೈಕೊಟ್ಟ ಭಯ ಇತ್ತಲ್ಲ, ಅದಕ್ಕೆ ಸಿಕ್ಕಿದ್ದರಲ್ಲೇ ಖಡಕ್ಕಾದ ರೇಸ್ ಪ್ಯಾಡ್ ಹಾಕಿಸಿದೆ. ಅದು ಬಿಸಿ ಆದ ಮೇಲೆ ಹಿಡಿಯುವ ಪ್ಯಾಡ್. ಮೊದಲ ಟ್ರ್ಯಾಕ್ ದಿನದ ಬೆಳಿಗ್ಗೆ, ಮನೆಯಿಂದ ಹೊರಟು ಮೊದಲ ಸಿಗ್ನಲ್. ಗೆಳೆಯ ಬ್ರೇಕ್ ಒತ್ತಿದ. ಕಾರು ಮರದ ತುಂಡಿನಿಂದ ಉಜ್ಜಿದ ಹಾಗೆ ಕಿರ್ ಅಂತ ಕೂಗಿತು, ನಿಲ್ಲಲು ಮಾತ್ರ ಮನಸ್ಸಿಲ್ಲ. ಮುಂದಿನ ಕಾರಿಗೆ ಒಂದಡಿ ಇದ್ದಾಗ ನಿಂತಿತು. ಅವನು ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ. ರಸ್ತೆಯಲ್ಲಿ ಹೋಗಿಬರುವ ಕಾರು ಅನ್ನುವ ಅವನ ಮೊದಲ ಷರತ್ತನ್ನೇ ನಾನು ಮರೆತಿದ್ದೆ. ಆಮೇಲೆ ರಸ್ತೆಗೂ ಟ್ರ್ಯಾಕಿಗೂ ಹೊಂದುವ ಮಧ್ಯಮ ಪ್ಯಾಡ್ ಹಾಕಿದೆವು. ಹಳೆಯದರ ದುಡ್ಡು ನನ್ನ ಜೇಬಿನಿಂದ.

ಆ ದಿನ, ಆ ವರ್ಷ

ಇಪ್ಪತ್ತು ನಿಮಿಷದ ನಾಲ್ಕು ಸರದಿ ಇತ್ತು. ಬೆಳಿಗ್ಗೆ ತಣ್ಣಗೆ 26 ಪಿಎಸ್‌ಐ ಇಟ್ಟ ಟೈರ್, ಮೊದಲ ಸರದಿ ಮುಗಿಸಿ ಬಂದಾಗ 32. ಬಿಸಿಗೆ ಗಾಳಿಯ ಒತ್ತಡ ಏರುತ್ತದೆ ಅಂತ ಗೊತ್ತಿದ್ದರೂ ಗೇಜಿನಲ್ಲಿ ಕಂಡಾಗ ಬೇರೆ. ಎರಡು ಪಿಎಸ್‌ಐ ಬಿಟ್ಟೆವು. ವೀಲ್ ನಟ್‌ಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೆ ನೋಡಿದೆವು, ಒಂದು ನಟ್ ಕಾಲು ಸುತ್ತಿನಷ್ಟು ಸಡಿಲ ಇತ್ತು. ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟೆವು. ಕಾದ ಡಿಸ್ಕನ್ನು ಪ್ಯಾಡ್ ಒಂದೇ ಕಡೆ ಕಚ್ಚಿಕೊಂಡು ನಿಲ್ಲಬಾರದು.

ಅವನನ್ನು ಎಲ್ಲರೂ ಹಿಂದೆ ಹಾಕಿದರು. ನೇರ ದಾರಿಯಲ್ಲಿ ಅವನ ಕಾರು ನಿಂತ ಹಾಗೆ ಕಾಣುತ್ತಿತ್ತು. ಎರಡನೇ ಸರದಿ ಮುಗಿಸಿ ಬಂದವನ ಮುಖ ಗಂಟು. 'ಒಂದು ಟರ್ಬೋ ಹಾಕಿದ್ರೆ?' ಅಂದ. ನಾನು ಉತ್ತರ ಕೊಡಲಿಲ್ಲ. ಮೂರನೇ ಸರದಿಯಲ್ಲಿ ಒಂದು ಉದ್ದನೆಯ ಬಲ ತಿರುವಿನಲ್ಲಿ ಹಿಂದಿನ ಚಕ್ರ ಸ್ವಲ್ಪ ಜಾರಿತು, ಅವನು ಸ್ಟೀರಿಂಗ್ ಚೂರು ತಿದ್ದಿದ, ಕಾರು ನೆಟ್ಟಗಾಯಿತು. ಬಂದು ಅದನ್ನು ಕೈಯಲ್ಲಿ ಮಾಡಿ ತೋರಿಸಿದ, ಮೂರು ಸಲ. ಟರ್ಬೋ ಮಾತು ಆ ದಿನ ಮತ್ತೆ ಬರಲಿಲ್ಲ. ಪೂರ್ತಿ ಹೋಗಿದೆ ಅಂತ ಅಲ್ಲ, ಎರಡು ತಿಂಗಳಿಗೊಮ್ಮೆ ಬರುತ್ತದೆ.

ವರ್ಷದಲ್ಲಿ ಏಳು ಟ್ರ್ಯಾಕ್ ದಿನ ಆಯಿತು. ನಾಲ್ಕು ಸಲ ಎಂಜಿನ್ ಆಯಿಲ್, ಮೂರು ಸಲ ಬ್ರೇಕ್ ಆಯಿಲ್, ಎರಡು ಜೊತೆ ಮುಂದಿನ ಪ್ಯಾಡ್, ಒಂದು ಸೆಟ್ ಟೈರ್. ಏಳೂ ಸಂಜೆ ಕಾರು ತಾನೇ ಮನೆಗೆ ಬಂತು. ಮುಟ್ಟಬಾರದ ಪಾಲಿನಲ್ಲಿ ಅರ್ಧ ಕೊಳ್ಳುವಾಗಲೇ ಹೋಗಿತ್ತು, ಉಳಿದರ್ಧ ಹಾಗೇ ಇದೆ. ಗೆಳೆಯನೂ ಈಗ ಒಂದು ನೋಟ್ ಪುಸ್ತಕ ಇಟ್ಟಿದ್ದಾನೆ, ಹಳೆಯದರ ಪಕ್ಕದಲ್ಲೇ, ಅದೇ ಗ್ಲವ್ ಬಾಕ್ಸಿನಲ್ಲಿ. ಕೊನೆಯ ಪುಟದಲ್ಲಿ ಅವನ ಕೈಬರಹ: 'ಮುಂದಿನ ಎಡ ಡಿಸ್ಕ್, ಕನಿಷ್ಠ ದಪ್ಪಕ್ಕೆ ಇನ್ನು 0.4 ಮಿ.ಮೀ. ಎಂಟನೇ ದಿನಕ್ಕೆ ಮುಂಚೆ ಎರಡೂ ಬದಲಿಸುವುದು.'